ಶಾಲೆಯ ಹೊಣೆ: ಊರವರೆಂದರೆ ಯಾರು?

ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸ್ ಅವರು 1868ರಲ್ಲಿ ರೂಪಿಸಿದ ಹೋಬಳಿ ಶಾಲೆಗಳ ಯೋಜನೆಯಲ್ಲಿ ಕಟ್ಟಡ ಒದಗಿಸುವ ಹೊಣೆ ಊರವರದಾಗಿತ್ತು. ಆದರೆ ‘ಊರವರು’ ಎಂಬ ಮಾತಿನೊಳಗೆ ಎಲ್ಲರೂ ಇರಲಿಲ್ಲ. 1915ರಲ್ಲಿ ಶೃಂಗೇರಿಯ ಸರ್ಕಾರಿ ಶಾಲೆಗೆ ದಲಿತ ಮಕ್ಕಳ ಪ್ರವೇಶದ ಪ್ರಶ್ನೆ ಎದ್ದಾಗ, ಸ್ಥಳೀಯರ ವಿರೋಧವನ್ನು ಮೀರಿ ಬಾಗಿಲು ತೆರೆಸಿದ್ದು ಸರ್ಕಾರದ ಆಜ್ಞೆ. 1930ರ ದಶಕದಲ್ಲಿ ಪ್ರಾಥಮಿಕ ಶಾಲೆಗಳ ಆಡಳಿತ ಸ್ಥಳೀಯ ಮಂಡಳಿಗಳ ಕೈಸೇರಿತು. 1941ರ ಶಾಸನ ಅದನ್ನು ಮರಳಿ ಸರ್ಕಾರಕ್ಕೆ ಒಪ್ಪಿಸಿತು.

ಬೆಂಗಳೂರಿನ ದಕ್ಷಿಣದಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ, ಆ ಬದಲಾವಣೆಯ ಬಳಿಕ. ಯಡಿಯೂರು, ಸಾರಕ್ಕಿಯಂಥ ಹಳ್ಳಿಗಳು ಕ್ರಮೇಣ ಬಡಾವಣೆಗಳ ನಡುವೆ ಸೇರಿಹೋದವು. ಉಳ್ಳವರು ಖಾಸಗಿ ಶಾಲೆಗಳತ್ತ ಸರಿದರು. ಸರ್ಕಾರಿ ಶಾಲೆಗಳಲ್ಲಿ ಉಳಿದವರು ಬಹುಪಾಲು ದುಡಿಯುವ ಮನೆಗಳ ಮಕ್ಕಳು. 2001ರಲ್ಲಿ ರಾಜ್ಯದ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. 2009ರ ಶಿಕ್ಷಣ ಹಕ್ಕು ಕಾಯಿದೆ ಇಂಥ ಸಮಿತಿಗಳಲ್ಲಿ ನಾಲ್ಕನೆಯ ಮೂರು ಪಾಲನ್ನು ಪೋಷಕರಿಗೆ, ಅರ್ಧದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟು, ದುರ್ಬಲ ವರ್ಗದ ಪೋಷಕರಿಗೂ ಪ್ರಾತಿನಿಧ್ಯ ವಿಧಿಸಿತು.

ಒಂದು ಕಾಲಕ್ಕೆ ಬಾಗಿಲಾಚೆ ನಿಂತವರು ಹೀಗೆ ಕಾನೂನಿನ ಕಣ್ಣಲ್ಲಿ ‘ಊರವರು’ ಆದರು. ಆದರೆ ಶಿಕ್ಷಕರ ನೇಮಕವೂ ವರ್ಗಾವಣೆಯೂ ರಾಜ್ಯದ ಕೈಯಲ್ಲೇ ಉಳಿದಿವೆ. ಅವರಿಗೆ ದೊರೆತದ್ದು ಉಸ್ತುವಾರಿ. ಖಾಲಿ ಹುದ್ದೆಯನ್ನು ತುಂಬುವ ಅಧಿಕಾರವಲ್ಲ.