ಜೆಟ್ ಸ್ಕೀ: ಚಾರ್ಜಿಂಗ್ ವ್ಯವಸ್ಥೆಯ ವೋಲ್ಟೇಜ್ ದೋಷಗಳು

ಜೆಟ್ ಸ್ಕೀ ಮಾದರಿಯ ಜಲವಾಹನಗಳಲ್ಲಿ ಬ್ಯಾಟರಿಗೆ ವಿದ್ಯುತ್ ತುಂಬುವ ವ್ಯವಸ್ಥೆ ಕೆಟ್ಟಾಗ ವೋಲ್ಟೇಜ್ ಇರಬೇಕಾದ್ದಕ್ಕಿಂತ ಕೆಳಗಿಳಿಯುತ್ತದೆ, ಇಲ್ಲವೇ ಮೇಲೇರುತ್ತದೆ. ಕವಾಸಾಕಿಯ ಜೆಟ್ ಸ್ಕೀ, ಯಮಾಹಾದ ವೇವ್‌ರನ್ನರ್, ಬಿಆರ್‌ಪಿಯ ಸೀ-ಡೂ ಈ ವರ್ಗದ ಮುಖ್ಯ ವಾಹನಗಳು. ಕಾರ್ಬ್ಯುರೇಟರ್ ಇದ್ದ ಹಳೆಯ ಟೂ-ಸ್ಟ್ರೋಕ್ ಮಾದರಿಗಳಲ್ಲಿ ಹಲವಕ್ಕೆ ಇಗ್ನಿಷನ್ನಿಗೆಂದೇ ಬೇರೆ ಸುರುಳಿ ಇರುತ್ತಿತ್ತು. ಹಾಗಾಗಿ ಬ್ಯಾಟರಿ ಸೋತರೂ ಓಡುತ್ತಿರುವ ಎಂಜಿನ್ ನಿಲ್ಲುತ್ತಿರಲಿಲ್ಲ. ಈಗಿನ ಫೋರ್-ಸ್ಟ್ರೋಕ್ ವಾಹನಗಳಲ್ಲಿ ಫ್ಯೂಯೆಲ್ ಪಂಪ್, ಇಂಜೆಕ್ಟರ್, ಎಂಜಿನ್ ನಿಯಂತ್ರಿಸುವ ಇಸಿಯು, 2009ರಲ್ಲಿ ಸೀ-ಡೂ ತಂದ ವಿದ್ಯುತ್ ಚಾಲಿತ ಬ್ರೇಕ್ ಎಲ್ಲಕ್ಕೂ ಸ್ಥಿರ ವೋಲ್ಟೇಜ್ ಬೇಕು. ದಡದಿಂದ ದೂರ ಹೋದಾಗ ಎಂಜಿನ್ ನಿಂತರೆ ಸವಾರನಿಗೆ ಬೇರೆ ಆಸರೆ ಇರುವುದಿಲ್ಲ. ಆದ್ದರಿಂದ ಈ ದೋಷವನ್ನು ಜೀವರಕ್ಷಣೆಯ ಪ್ರಶ್ನೆಯಾಗಿಯೇ ಕಾಣಬೇಕು.

ರಚನೆ ಮತ್ತು ಕೆಲಸ

ಸಾಮಾನ್ಯವಾಗಿ ಈ ವಾಹನಗಳಲ್ಲಿ ಕಾರಿನಂತೆ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್ ಇರುವುದಿಲ್ಲ. ಕ್ರ್ಯಾಂಕ್ ಶಾಫ್ಟಿನ ತುದಿಯ ಫ್ಲೈವೀಲಿನಲ್ಲಿ ಶಾಶ್ವತ ಕಾಂತಗಳಿರುತ್ತವೆ. ಅವುಗಳ ನಡುವೆ ಅಲುಗದೆ ನಿಂತ ತಾಮ್ರದ ಸುರುಳಿಗಳ ಬಳೆಯೇ ಸ್ಟೇಟರ್. ಕಾಂತ ತಿರುಗಿದಾಗ ಸುರುಳಿಗಳಲ್ಲಿ ಎಸಿ ವಿದ್ಯುತ್ ಹುಟ್ಟಿ ಮೂರು ತಂತಿಗಳಲ್ಲಿ ಹೊರಬರುತ್ತದೆ. ಹಲವು ಮಾದರಿಗಳಲ್ಲಿ ಈ ಮೂರೂ ಹಳದಿ ಬಣ್ಣದವು. ಮುಂದಿನ ಘಟಕ ರೆಗ್ಯುಲೇಟರ್-ರೆಕ್ಟಿಫೈಯರ್. ಮೆಕ್ಯಾನಿಕ್‌ಗಳು ಇದನ್ನು ಆರ್‌ಆರ್ ಯೂನಿಟ್ ಎನ್ನುತ್ತಾರೆ. ಅದು ಎಸಿಯನ್ನು ಡಿಸಿಯಾಗಿ ಬದಲಿಸಿ, ವೋಲ್ಟೇಜನ್ನು 14.5ರ ಆಸುಪಾಸಿನಲ್ಲಿ ಹಿಡಿದಿಟ್ಟು, ಫ್ಯೂಸಿನ ಮೂಲಕ ಬ್ಯಾಟರಿಗೆ ಕಳಿಸುತ್ತದೆ.

ಶಾಶ್ವತ ಕಾಂತದ ಬಲವನ್ನು ಕುಗ್ಗಿಸಲು ಬರುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಷಂಟ್ ಬಗೆಯ ರೆಗ್ಯುಲೇಟರ್, ಬ್ಯಾಟರಿ ತುಂಬಿದ ಮೇಲೆ ಸ್ಟೇಟರಿನ ತಂತಿಗಳನ್ನು ಕ್ಷಣಕ್ಷಣಕ್ಕೂ ಶಾರ್ಟ್ ಮಾಡಿ ಹೆಚ್ಚುವರಿ ವಿದ್ಯುತ್ತನ್ನು ಸುರುಳಿಗಳಿಗೇ ಹಿಂದಿರುಗಿಸುತ್ತದೆ. ಬ್ಯಾಟರಿಯಿಂದ ಬೇಡಿಕೆ ಇಲ್ಲದಿದ್ದರೂ ಸ್ಟೇಟರ್ ಪೂರ್ತಿ ಕರೆಂಟ್ ಹೊತ್ತೇ ಇರುತ್ತದೆ. ವಾಹನದ ಗಾಳಿಯಾಡದ ಹೊಟ್ಟೆಯೊಳಗೆ ಸ್ಟೇಟರ್, ರೆಗ್ಯುಲೇಟರ್ ಎರಡೂ ಕಾದು ಕಾದು ಕೆಡುವುದಕ್ಕೆ ಮುಖ್ಯ ಕಾರಣ ಇದೇ.

ಮಲ್ಟಿಮೀಟರಿನ ಅಂಕಿಗಳು

ಸೀಸ-ಆಮ್ಲದ 12 ವೋಲ್ಟ್ ಬ್ಯಾಟರಿಗೆ (ಎಜಿಎಂ ಬಗೆಯೂ ಸೇರಿ) ಅನ್ವಯಿಸುವ ಮಟ್ಟಗಳು:

– ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿಯಲ್ಲಿ 12.6–12.8 ವೋಲ್ಟ್: ಪೂರ್ತಿ ಚಾರ್ಜ್.
– 12.4: ಸುಮಾರು ಮುಕ್ಕಾಲು, 12.2: ಸುಮಾರು ಅರ್ಧ, 12ಕ್ಕಿಂತ ಕಡಿಮೆ: ಬರಿದಾಗುವ ಹಂತ.
– ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿತ: ಬ್ಯಾಟರಿ ದುರ್ಬಲ, ಇಲ್ಲವೇ ಸ್ಟಾರ್ಟರ್ ಅತಿಯಾಗಿ ಎಳೆಯುತ್ತಿದೆ.
– ಎಂಜಿನ್ ವೇಗ ಹೆಚ್ಚಿಸಿದಾಗ 13.5–14.8: ಚಾರ್ಜಿಂಗ್ ಸರಿಯಿದೆ.
– 13ರ ಕೆಳಗೇ ನಿಂತರೆ ಚಾರ್ಜಿಂಗ್ ಸಾಲದು. 15 ದಾಟಿದರೆ ಅಧಿಕ ಚಾರ್ಜಿಂಗ್.

ಐಡಲ್‌ನಲ್ಲಿ ಸ್ಟೇಟರಿನ ಉತ್ಪಾದನೆ ಕಡಿಮೆ. ಜಿಪಿಎಸ್, ಸ್ಪೀಕರ್, ಮೀನು ಪತ್ತೆಯ ಸಾಧನಗಳನ್ನು ಹಾಕಿಕೊಂಡು ಹೊತ್ತುಗಟ್ಟಲೆ ನಿಧಾನವಾಗಿ ಓಡಿಸಿದರೆ ಎಲ್ಲ ಭಾಗಗಳೂ ಸರಿಯಿದ್ದಾಗಲೂ ಬ್ಯಾಟರಿ ಇಳಿಯಬಹುದು. ಆದ್ದರಿಂದ ಐಡಲ್‌ನ ಅಂಕಿಯೊಂದನ್ನೇ ನೋಡಿ ತೀರ್ಮಾನಕ್ಕೆ ಬರಬಾರದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸುಮ್ಮನಿದ್ದಾಗಲೇ 13.2 ವೋಲ್ಟಿನಷ್ಟು ತೋರಿಸುವುದರಿಂದ ಅದಕ್ಕೆ ಈ ಪಟ್ಟಿ ಹೊಂದುವುದಿಲ್ಲ.

ಪರೀಕ್ಷೆಗೆ ಮೊದಲು

ಸೀಟು ತೆಗೆದು ಒಳಗಿನ ಪೆಟ್ರೋಲ್ ಆವಿ ಹೋಗುವವರೆಗೆ ಕಾಯಬೇಕು. ಮುಚ್ಚಿದ ಹೊಟ್ಟೆಯಲ್ಲಿ ಸ್ಫೋಟಕ್ಕೆ ಒಂದು ಕಿಡಿ ಸಾಕು. ದಡದಲ್ಲಿ ಎಂಜಿನ್ ಓಡಿಸುವಾಗ ನೀರಿನ ಪೈಪ್ ಜೋಡಿಸಬೇಕು. ಮೊದಲು ಎಂಜಿನ್ ಚಾಲೂ ಮಾಡಿ ಆಮೇಲೆ ನಲ್ಲಿ ತಿರುಗಿಸಬೇಕು. ನಿಲ್ಲಿಸುವಾಗ ಮೊದಲು ನಲ್ಲಿ ಮುಚ್ಚಿ ಆಮೇಲೆ ಎಂಜಿನ್ ಆರಿಸಬೇಕು. ಕ್ರಮ ತಪ್ಪಿದರೆ ಎಕ್ಸಾಸ್ಟ್ ಮೂಲಕ ಸಿಲಿಂಡರಿಗೆ ನೀರು ಹೋಗಬಹುದು. ಹೀಗೆ ಎಷ್ಟು ಹೊತ್ತು ಓಡಿಸಬಹುದೆಂಬುದನ್ನು ಆಯಾ ಮಾದರಿಯ ಕೈಪಿಡಿ ಹೇಳುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರ್ ಕಳಚಿ ಪರೀಕ್ಷಿಸುವ ಹಳೆಯ ಅಭ್ಯಾಸವನ್ನು ಬಿಡಲೇಬೇಕು. ಆಗ ಏಳುವ ವೋಲ್ಟೇಜ್ ಇಸಿಯುವನ್ನು ಸುಟ್ಟುಬಿಡಬಲ್ಲದು.

ಪತ್ತೆಯ ಕ್ರಮ

ದುಬಾರಿ ಭಾಗಗಳನ್ನು ಅಂದಾಜಿನ ಮೇಲೆ ಬದಲಿಸುವುದು ಈ ರಿಪೇರಿಯಲ್ಲಿ ನಡೆಯುವ ದೊಡ್ಡ ತಪ್ಪು. ಬ್ಯಾಟರಿ, ಜೋಡಣೆ, ಸ್ಟೇಟರ್, ರೆಗ್ಯುಲೇಟರ್ – ಈ ಕ್ರಮದಲ್ಲಿ ಅಳೆಯುತ್ತ ಹೋದರೆ ದೋಷ ತಾನಾಗಿ ಸಿಗುತ್ತದೆ.

ಬ್ಯಾಟರಿ: ಹೊರಗಿನ ಚಾರ್ಜರಿನಿಂದ ಪೂರ್ತಿ ತುಂಬಿಸಿ, ಕೆಲವು ಗಂಟೆ ಬಿಟ್ಟು ಅಳೆಯಬೇಕು. ಆರು ಸೆಲ್‌ಗಳಲ್ಲಿ ಒಂದು ಸತ್ತಿದ್ದರೆ ಎಷ್ಟು ತುಂಬಿದರೂ ಅಂಕಿ 10.5ರ ಸುತ್ತಲೇ ನಿಲ್ಲುತ್ತದೆ. ಅಂಥ ಬ್ಯಾಟರಿ ಚಾರ್ಜಿಂಗ್ ವೋಲ್ಟೇಜನ್ನೂ ಕೆಳಗೆಳೆಯುವುದರಿಂದ, ಒಳ್ಳೆಯ ರೆಗ್ಯುಲೇಟರ್ ಕೆಟ್ಟಂತೆ ಕಾಣುತ್ತದೆ. ನಿಂತಲ್ಲೇ ಬ್ಯಾಟರಿ ಇಳಿಯುತ್ತಿದ್ದರೆ ಎಂಜಿನ್ ಆರಿಸಿ, ನೆಗೆಟಿವ್ ವೈರಿನ ಸಾಲಿನಲ್ಲಿ ಮೀಟರ್ ಇಟ್ಟು ಸೋರುವ ಕರೆಂಟ್ ಅಳೆಯಬೇಕು. 100 ಮಿಲಿಆಂಪಿಯರ್ ಸೋರಿಕೆ 20 ಆಂಪಿಯರ್-ಅವರ್ ಬ್ಯಾಟರಿಯನ್ನು 200 ಗಂಟೆಯಲ್ಲಿ, ಅಂದರೆ ಎಂಟು ದಿನ ದಾಟುವಷ್ಟರಲ್ಲಿ, ಬರಿದು ಮಾಡುತ್ತದೆ. ವಾಹನ ಕೊಂಡ ಮೇಲೆ ಹೊರಗಿನಿಂದ ಜೋಡಿಸಿದ ಬಿಲ್ಜ್ ಪಂಪ್ (ಒಳಗೆ ಸೇರಿದ ನೀರನ್ನು ಹೊರಹಾಕುವ ಪಂಪ್), ಸ್ಪೀಕರುಗಳ ವೈರಿಂಗನ್ನು ಮೊದಲು ನೋಡಬೇಕು.

ಜೋಡಣೆಗಳು: ಉಪ್ಪುನೀರಿನಲ್ಲಿ ಓಡುವ ವಾಹನದಲ್ಲಿ ಹೆಚ್ಚಿನ ದೋಷಗಳು ಇಲ್ಲೇ ಸಿಗುತ್ತವೆ. ಟರ್ಮಿನಲ್, ಎಂಜಿನ್ ಬ್ಲಾಕಿನ ಅರ್ಥ್ ಬೋಲ್ಟ್, ಫ್ಯೂಸ್ ಹೋಲ್ಡರ್, ರೆಗ್ಯುಲೇಟರಿನ ಕಪ್ಲರ್‌ಗಳಲ್ಲಿ ಹಸಿರು ಕಿಲುಬು, ಕರಗಿದ ಪ್ಲಾಸ್ಟಿಕ್, ಕಂದುಗಟ್ಟಿದ ಪಿನ್ ಇವೆಯೇ ಎಂದು ಬಿಚ್ಚಿ ನೋಡಬೇಕು. ಕಿಲುಬು ಹಿಡಿದ ಒಂದು ಕಪ್ಲರಿನಲ್ಲಿ ಬರೀ 0.1 ಓಮ್ ತಡೆ ಇದೆ ಎನ್ನೋಣ. ಅದರಲ್ಲಿ 15 ಆಂಪಿಯರ್ ಹರಿದರೆ 1.5 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ; ರೆಗ್ಯುಲೇಟರಿನಿಂದ ಹೊರಟ 14.4 ವೋಲ್ಟ್ ಬ್ಯಾಟರಿ ತಲುಪುವಾಗ 12.9 ಆಗಿರುತ್ತದೆ. ಜೊತೆಗೆ ಆ ಪಿನ್ನಿನಲ್ಲಿ 22.5 ವಾಟ್ ಶಾಖ ಹುಟ್ಟುತ್ತದೆ. ಕಪ್ಲರ್ ಕರಗುವುದು ಹೀಗೆ. ಸಾಧಾರಣ ಮೀಟರಿನ ವೈರುಗಳಲ್ಲೇ ಅಷ್ಟು ತಡೆ ಇರುವುದರಿಂದ ಓಮ್ ಅಳೆದರೆ ಈ ದೋಷ ಕಾಣುವುದಿಲ್ಲ.

ಅದಕ್ಕಿರುವ ದಾರಿ ವೋಲ್ಟೇಜ್ ಕುಸಿತದ ಪರೀಕ್ಷೆ. ಎಂಜಿನ್ ಓಡುತ್ತಿರುವಾಗ ಮೀಟರಿನ ಒಂದು ಮೊನೆಯನ್ನು ರೆಗ್ಯುಲೇಟರಿನ ಪಾಸಿಟಿವ್ ವೈರಿಗೂ ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಹಿಡಿಯಬೇಕು. 0.2–0.3 ವೋಲ್ಟಿಗಿಂತ ಹೆಚ್ಚು ಬಂದರೆ ಆ ದಾರಿಯಲ್ಲಿ ಎಲ್ಲೋ ತಡೆಯಿದೆ. ರೆಗ್ಯುಲೇಟರಿನ ಲೋಹದ ಕವಚ ಅಥವಾ ಅರ್ಥ್ ವೈರಿನಿಂದ ಬ್ಯಾಟರಿಯ ನೆಗೆಟಿವ್ ಕಂಬದವರೆಗೂ ಇದೇ ರೀತಿ ಅಳೆಯಬೇಕು. ಆಗಾಗ ಮಾತ್ರ ಕಾಣಿಸಿಕೊಳ್ಳುವ ದೋಷವಿದ್ದರೆ ಅಳೆಯುವಾಗ ವೈರಿಂಗನ್ನು ಮೆಲ್ಲಗೆ ಅಲುಗಾಡಿಸಬೇಕು. ಅಲೆಗಳ ಹೊಡೆತಕ್ಕೆ ಸಡಿಲಾದ ಪಿನ್ ಆಗ ಸಿಕ್ಕಿಬೀಳುತ್ತದೆ.

ಸ್ಟೇಟರ್: ಎಂಜಿನ್ ಆರಿಸಿ ಕಪ್ಲರ್ ಬಿಚ್ಚಿ ಮೂರು ತಂತಿಗಳನ್ನು ಎರಡೆರಡಾಗಿ ಅಳೆಯಬೇಕು. ಸಾಮಾನ್ಯವಾಗಿ 1 ಓಮ್‌ಗಿಂತ ಕಡಿಮೆ ಬರುತ್ತದೆ. ಮೂರು ಅಂಕಿಗಳೂ ಸಮ ಇರಬೇಕು. ಯಾವುದೇ ತಂತಿಗೂ ಎಂಜಿನ್ ಬ್ಲಾಕಿಗೂ ಸಂಪರ್ಕ ಇರಕೂಡದು. ಇದ್ದರೆ ಸುರುಳಿಯ ಇನ್ಸುಲೇಷನ್ ಸುಟ್ಟಿದೆ ಎಂದೇ ಅರ್ಥ. ಆಮೇಲೆ ಎಂಜಿನ್ ಓಡಿಸಿ ಎಸಿ ವೋಲ್ಟೇಜ್ ನೋಡಬೇಕು. ವೇಗ ಏರಿದಂತೆ ಅದು ಏರುತ್ತ 50 ವೋಲ್ಟನ್ನೂ ದಾಟಬಹುದು, ಆದ್ದರಿಂದ ಬರಿಗೈಯಲ್ಲಿ ಪಿನ್ ಮುಟ್ಟಬಾರದು. ಒಂದು ಜೋಡಿಯ ಅಂಕಿ ಉಳಿದೆರಡಕ್ಕಿಂತ ಕೆಳಗಿದ್ದರೆ ಸ್ಟೇಟರ್ ಕೆಟ್ಟಿದೆ.

ರೆಗ್ಯುಲೇಟರ್: ಮೀಟರಿನ ಡಯೋಡ್ ಸ್ಥಾನದಲ್ಲಿ ಹಳದಿ ತಂತಿಯ ಪ್ರತಿ ಪಿನ್ನಿಗೂ ಪಾಸಿಟಿವ್ ಪಿನ್ನಿಗೂ ನಡುವೆ ಅಳೆದರೆ ಒಂದು ದಿಕ್ಕಿನಲ್ಲಿ ಸುಮಾರು 0.4–0.7 ವೋಲ್ಟ್ ಬರಬೇಕು, ತಿರುಗಿಸಿದರೆ ಏನೂ ಬರಬಾರದು. ಡಯೋಡ್ ಸರಿಯಿದ್ದರೂ ನಿಯಂತ್ರಿಸುವ ಭಾಗ ಕೆಟ್ಟಿರಬಹುದು. ಆದ್ದರಿಂದ ಬ್ಯಾಟರಿ, ಜೋಡಣೆ, ಸ್ಟೇಟರ್ ಮೂರೂ ಸರಿಯೆಂದು ಖಚಿತವಾದ ಮೇಲೂ ವೋಲ್ಟೇಜ್ ಸರಿಹೋಗದಿದ್ದರೆ ಮಾತ್ರ ಆರ್‌ಆರ್ ಯೂನಿಟ್ ಬದಲಿಸಬೇಕು.

ಅಧಿಕ ವೋಲ್ಟೇಜ್

15 ವೋಲ್ಟ್ ದಾಟುವ ಚಾರ್ಜಿಂಗಿನಲ್ಲಿ ಬ್ಯಾಟರಿ ಬಿಸಿಯಾಗಿ ಉಬ್ಬುತ್ತದೆ, ಹೈಡ್ರೋಜನ್ ಬಿಡುತ್ತದೆ. ಇಸಿಯು ಮತ್ತು ಡಿಸ್‌ಪ್ಲೇಗೂ ಅಪಾಯ. ಸಾಮಾನ್ಯ ಕಾರಣ ಕೆಟ್ಟ ರೆಗ್ಯುಲೇಟರ್. ಆದರೆ ಅದರ ಅರ್ಥ್ ಸಡಿಲಾಗಿದ್ದರೂ, ಬ್ಯಾಟರಿಯ ವೋಲ್ಟೇಜ್ ತಿಳಿಯಲು ಬೇರೆ ವೈರ್ ಇರುವ ಮಾದರಿಗಳಲ್ಲಿ ಆ ವೈರಿಗೆ ಕಿಲುಬು ಹಿಡಿದಿದ್ದರೂ, ರೆಗ್ಯುಲೇಟರಿಗೆ ನಿಜಕ್ಕಿಂತ ಕಡಿಮೆ ಅಂಕಿ ಸಿಕ್ಕಿ ಅದು ಹೆಚ್ಚು ತುಂಬುತ್ತ ಹೋಗುತ್ತದೆ. ಇಂಥ ವಾಹನವನ್ನು ದೋಷ ಸರಿಪಡಿಸುವವರೆಗೆ ನೀರಿಗಿಳಿಸಬಾರದು.

ಪಾಲನೆ

ಕರ್ನಾಟಕದ ಕರಾವಳಿಯಲ್ಲಿ ಮಲ್ಪೆ, ಮುರುಡೇಶ್ವರದಂಥ ಕಡೆ ಮಳೆಗಾಲದಲ್ಲಿ ಜಲಕ್ರೀಡೆ ನಿಲ್ಲುತ್ತದೆ. ವಾಹನಗಳು ತಿಂಗಳುಗಟ್ಟಲೆ ಶೆಡ್ಡಿನಲ್ಲಿರುತ್ತವೆ. ಸೀಸ-ಆಮ್ಲದ ಬ್ಯಾಟರಿ ಬಳಸದಿದ್ದರೂ ತಾನಾಗಿ ಇಳಿಯುತ್ತದೆ, ಸೆಕೆ ಹೆಚ್ಚಿದಷ್ಟೂ ಬೇಗ ಇಳಿಯುತ್ತದೆ. ಹಾಗೆ ಬರಿದಾಗಿ ಉಳಿದ ಬ್ಯಾಟರಿಯ ಫಲಕಗಳಲ್ಲಿ ಸೀಸದ ಸಲ್ಫೇಟ್ ಗಟ್ಟಿಯಾಗಿ, ಮತ್ತೆ ಪೂರ್ತಿ ತುಂಬಿಸಲು ಬರುವುದಿಲ್ಲ. ಬ್ಯಾಟರಿಯನ್ನು ಹೊರತೆಗೆದು ತಿಂಗಳಿಗೊಮ್ಮೆ ತುಂಬಿಸಬೇಕು. ತೆಗೆಯುವಾಗ ಮೊದಲು ನೆಗೆಟಿವ್ ವೈರ್ ಬಿಚ್ಚಬೇಕು, ಹಾಕುವಾಗ ಅದನ್ನು ಕೊನೆಗೆ ಜೋಡಿಸಬೇಕು. ಸಮುದ್ರದಲ್ಲಿ ಓಡಿಸಿದ ಮೇಲೆ ಸಿಹಿನೀರಿನಲ್ಲಿ ತೊಳೆದು, ಕಪ್ಲರ್‌ಗಳಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿದರೆ ಕಿಲುಬು ದೂರವಿರುತ್ತದೆ.

ಸರಿಯಾದ ಅಂಕಿಗಳು ಮಾದರಿಯಿಂದ ಮಾದರಿಗೆ ಬೇರೆ. ಅಂತಿಮ ಮಾತು ಆಯಾ ಕಂಪನಿಯ ಸರ್ವಿಸ್ ಕೈಪಿಡಿಯದು. ವಾಹನ ಚೆನ್ನಾಗಿರುವಾಗಲೇ ಬ್ಯಾಟರಿ ವೋಲ್ಟೇಜ್, ಸೆಲ್ಫ್ ಹೊಡೆಯುವಾಗಿನ ಕುಸಿತ, ಚಾರ್ಜಿಂಗ್ ವೋಲ್ಟೇಜ್ ಮೂರನ್ನೂ ಅಳೆದು ಬರೆದಿಟ್ಟುಕೊಂಡ ಮಾಲೀಕನಿಗೆ ಮುಂದೆ ದೋಷ ಬಂದಾಗ ಹೋಲಿಸಿ ನೋಡಲು ತನ್ನದೇ ವಾಹನದ ಅಂಕಿಗಳು ಸಿಗುತ್ತವೆ, ಕೆಡುಕು ಯಾವ ಭಾಗದಲ್ಲಿದೆ ಎಂಬುದು ಬೇಗ ತಿಳಿಯುತ್ತದೆ.