ವರ್ಚುವಲ್ ನೆಟ್‌ವರ್ಕ್ (ಜೆಮ್5 ಸಿಮ್ಯುಲೇಟರ್‌ನಲ್ಲಿ)

ಹಲವು ಪ್ರೊಸೆಸರ್‌ಗಳ ಚಿಪ್ಪಿನಲ್ಲಿ ಕ್ಯಾಶ್‌ಗಳು ತಮ್ಮತಮ್ಮಲ್ಲಿ ಕಳಿಸಿಕೊಳ್ಳುವ ಸಂದೇಶಗಳನ್ನು ಬಗೆಯ ಪ್ರಕಾರ ವಿಂಗಡಿಸಿ, ಒಂದೇ ತಂತಿಯ ಮೇಲೆ ಬೇರೆಬೇರೆ ಸಾಲುಗಳಲ್ಲಿ ಸಾಗಿಸುವ ಏರ್ಪಾಡು. ಇದು ಬಂದದ್ದು ವೇಗಕ್ಕಲ್ಲ, ಡೆಡ್‌ಲಾಕ್ ತಪ್ಪಿಸಲು. ಕಿರಿದಾದ ಓಣಿಗೆ ಒಂದರ ಹಿಂದೊಂದು ಗಾಡಿ ನುಗ್ಗಿ ನಿಂತರೆ, ಒಳಗಿನ ಗಾಡಿ ಹೊರಬರಲು ದಾರಿಯಿಲ್ಲ. ಹಾಗೆಯೇ ಕೋರಿಕೆಗಳು ಬಫರ್ ತುಂಬಿ ನಿಂತರೆ, ಅವನ್ನು ತೀರಿಸಬೇಕಾದ ಉತ್ತರವೇ ಅವುಗಳ ಹಿಂದೆ ಸಿಕ್ಕಿಬೀಳುತ್ತದೆ.

ಮೊದಲ ಪರಿಹಾರ ದುಬಾರಿಯದು. 1990ರ ದಶಕದ ಆರಂಭದ ಸ್ಟ್ಯಾನ್‌ಫರ್ಡ್ ಡ್ಯಾಶ್ ಯಂತ್ರದಲ್ಲಿ ಕೋರಿಕೆಗೊಂದು, ಉತ್ತರಕ್ಕೊಂದು ಎಂದು ಎರಡು ಪ್ರತ್ಯೇಕ ಜಾಲಗಳನ್ನೇ ಹಾಕಿದ್ದರು. ವಿಲಿಯಂ ಡ್ಯಾಲಿ ಮತ್ತು ಚಾರ್ಲ್ಸ್ ಸೈಟ್ಸ್ 1987ರಲ್ಲಿ ಮಂಡಿಸಿದ್ದ ವರ್ಚುವಲ್ ಚಾನೆಲ್ ಕಲ್ಪನೆಯಿಂದ, ಒಂದೇ ತಂತಿಯನ್ನು ಹಲವು ಬಫರ್ ಸಾಲುಗಳು ಹಂಚಿಕೊಳ್ಳುವುದು ಸಾಧ್ಯವಾಯಿತು.

ಚಿಪ್ಪಿನ ವರ್ತನೆಯನ್ನು ಅನುಕರಿಸುವ ಸಿಮ್ಯುಲೇಟರ್‌ಗೆ ವರ್ಚುವಲ್ ನೆಟ್‌ವರ್ಕ್ ಬಂದದ್ದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೆಮ್ಸ್ (2005) ಮೂಲಕ. ಅದರ ಭಾಗಗಳಿಗೆಲ್ಲ ರತ್ನಗಳ ಹೆಸರು: ಮೆಮೊರಿ ಭಾಗ ರೂಬಿ, ಪ್ರೊಸೆಸರ್ ಮಾದರಿ ಓಪಲ್. ಪ್ರಿನ್ಸ್‌ಟನ್‌ನಲ್ಲಿ ರೂಪುಗೊಂಡು 2009ರಲ್ಲಿ ಪ್ರಕಟವಾದ ಜಾಲ ಮಾದರಿಗೂ ಗಾರ್ನೆಟ್ ಎಂದೇ ಹೆಸರು ಬಿತ್ತು. 2011ರಲ್ಲಿ ಜೆಮ್ಸ್, ಮಿಷಿಗನ್‌ನ ಎಂ5 ಜೊತೆ ಸೇರಿ ಜೆಮ್5 ಆಯಿತು.

ಹೊಸಬರು ಎಡವುವುದು ಸಂಖ್ಯೆಯಲ್ಲಿ. ಎಷ್ಟು ವರ್ಚುವಲ್ ನೆಟ್‌ವರ್ಕ್ ಬೇಕೆಂದು ಹೇಳುವುದು ಜಾಲವಲ್ಲ, ಕ್ಯಾಶ್‌ಗಳ ಸಂದೇಶ ವಿನಿಮಯದ ನಿಯಮಾವಳಿಯಾದ ಪ್ರೋಟೊಕಾಲ್. ಸ್ಲಿಕ್ ಭಾಷೆಯಲ್ಲಿ ಪ್ರೋಟೊಕಾಲ್ ಬರೆಯುವಾಗಲೇ ಜಾಲಕ್ಕೆ ಜೋಡಿಸಿದ ಪ್ರತಿ ಮೆಸೇಜ್ ಬಫರ್‌ಗೂ ಒಂದು ಅಂಕಿ ಹಚ್ಚಬೇಕು. ಎಂಎಸ್‌ಐ ಎಂಬ ಸರಳ ಪ್ರೋಟೊಕಾಲ್‌ಗೆ ಮೂರು ಸಾಕು. ಪೈಥಾನ್ ಕಡತದಲ್ಲಿ ಕೊಡುವ ಒಟ್ಟು ಸಂಖ್ಯೆ ಅದಕ್ಕೆ ಹೊಂದಬೇಕು. ಅಂಕಿ ಬರೀ ಹೆಸರೂ ಅಲ್ಲ: ರೂಬಿಯ ಸರಳ ಜಾಲದ ಸ್ವಿಚ್ ಸಾಮಾನ್ಯವಾಗಿ ದೊಡ್ಡ ಅಂಕಿಯ ಸಾಲನ್ನೇ ಮೊದಲು ನೋಡುತ್ತದೆ. ಹಾಗಾಗಿ ಉತ್ತರಗಳಿಗೆ ದೊಡ್ಡ ಅಂಕಿ ಕೊಡುವುದು ರೂಢಿ.

ಗಾರ್ನೆಟ್ ಪ್ರತಿ ವರ್ಚುವಲ್ ನೆಟ್‌ವರ್ಕ್‌ಗೂ, ಬೇರೆ ಹೇಳದಿದ್ದರೆ, ನಾಲ್ಕು ವರ್ಚುವಲ್ ಚಾನೆಲ್ ಕೊಡುತ್ತದೆ. ಹದಿನಾರು ಬೈಟ್ ಅಗಲದ ತಂತಿಯಲ್ಲಿ ಎಂಟು ಬೈಟ್‌ನ ಕೋರಿಕೆ ಒಂದೇ ಫ್ಲಿಟ್‌ನಲ್ಲಿ (ತಂತಿಯಲ್ಲಿ ಒಮ್ಮೆಗೆ ಸಾಗುವ ತುಂಡು) ಮುಗಿಯುತ್ತದೆ. 72 ಬೈಟ್‌ನ ಡೇಟಾ ಉತ್ತರಕ್ಕೆ ಐದು ಫ್ಲಿಟ್ ಬೇಕು. ಒಂದು ಸಾಲು ಬಹುಕಾಲ ಕದಲದಿದ್ದರೆ, ಅಂದರೆ 50,000 ಸೈಕಲ್ ದಾಟಿದರೆ, ಗಾರ್ನೆಟ್ ಡೆಡ್‌ಲಾಕ್ ಇರಬಹುದೆಂದು ಆ ವರ್ಚುವಲ್ ನೆಟ್‌ವರ್ಕ್‌ನ ಅಂಕಿಯನ್ನೂ ಹೇಳಿ ಕೆಲಸ ನಿಲ್ಲಿಸುತ್ತದೆ. ತಪ್ಪು ಹುಡುಕಲು ಇದಕ್ಕಿಂತ ಒಳ್ಳೆಯ ಸುಳಿವು ಸಿಗುವುದು ಕಡಿಮೆ.

ಗಾರ್ನೆಟ್‌ನ ಮುಂದಿನ ರೂಪವಾದ 2020ರ ಹೆಟೆರೊಗಾರ್ನೆಟ್ ಬಂದಮೇಲೆ, ಒಂದು ತಂತಿಯ ಮೇಲೆ ಇಂತಿಂಥ ವರ್ಚುವಲ್ ನೆಟ್‌ವರ್ಕ್ ಮಾತ್ರ ಸಾಗಲಿ ಎಂದು ಬರೆಯುವುದೂ ಸಾಧ್ಯವಾಗಿದೆ. ಡ್ಯಾಶ್ ಯಂತ್ರದ ಜೋಡಿ ಜಾಲವನ್ನು ಈಗ ಪೈಥಾನ್‌ನ ಕೆಲವೇ ಸಾಲುಗಳಲ್ಲಿ ಮತ್ತೆ ಕಟ್ಟಬಹುದು.