ಕರ್ನಾಟಕ ಗೂಂಡಾ ಕಾಯ್ದೆಯ 2014ರ ತಿದ್ದುಪಡಿಗೆ ವಿರೋಧ

ಕರ್ನಾಟಕದಲ್ಲಿ ಗೂಂಡಾ ಕಾಯ್ದೆ ಎಂದೇ ಪರಿಚಿತವಾಗಿರುವ 1985ರ ಅಪಾಯಕಾರಿ ಚಟುವಟಿಕೆಗಳ ತಡೆ ಕಾಯ್ದೆಗೆ ರಾಜ್ಯ ವಿಧಾನಮಂಡಲವು 2014ರಲ್ಲಿ ತಿದ್ದುಪಡಿ ತಂದು, 'ಡಿಜಿಟಲ್ ಅಪರಾಧಿ' ಎಂಬ ಹೊಸ ವರ್ಗವನ್ನು ಸೇರಿಸಿತು. ಚಲನಚಿತ್ರ, ಸಂಗೀತ, ಪುಸ್ತಕ ಮತ್ತು ತಂತ್ರಾಂಶಗಳನ್ನು ವಾಣಿಜ್ಯ ಉದ್ದೇಶಕ್ಕಾಗಿ ಅಕ್ರಮವಾಗಿ ನಕಲು ಮಾಡುವವರನ್ನು ವಿಚಾರಣೆಗೆ ಮೊದಲೇ ಬಂಧನದಲ್ಲಿಡಲು ಇದರಿಂದ ಅವಕಾಶವಾಯಿತು. ಅಂತರಜಾಲ ಹಕ್ಕುಗಳ ಸಂಶೋಧಕರು, ವಕೀಲರು ಮತ್ತು ಬಳಕೆದಾರರು ಈ ತಿದ್ದುಪಡಿಯನ್ನು ವಿರೋಧಿಸಿದರು. ಪೈರಸಿಯನ್ನು ಶಿಕ್ಷಿಸಬಾರದು ಎಂಬುದು ಅವರ ವಾದವಾಗಿರಲಿಲ್ಲ. ನ್ಯಾಯಾಲಯದಲ್ಲಿ ಸಾಬೀತಾಗಬೇಕಾದ ಅಪರಾಧಕ್ಕೆ ಮುಂಜಾಗ್ರತಾ ಬಂಧನವನ್ನು ಬಳಸಬಾರದು ಎಂಬುದೇ ಮುಖ್ಯ ಆಕ್ಷೇಪವಾಗಿತ್ತು.

ಹಿನ್ನೆಲೆ

1985ರ ಮೂಲ ಕಾಯ್ದೆಯು ಕಳ್ಳಭಟ್ಟಿ ವ್ಯವಹಾರ, ಮಾದಕ ವಸ್ತು ಮಾರಾಟ, ಜೂಜು ಮತ್ತು ಗೂಂಡಾಗಿರಿಯಂತಹ ಕೃತ್ಯಗಳಲ್ಲಿ ಮತ್ತೆ ಮತ್ತೆ ತೊಡಗುವವರನ್ನು ಗುರಿಯಾಗಿಸಿಕೊಂಡಿತ್ತು. ಸಿ.ಡಿ. ಮತ್ತು ಡಿ.ವಿ.ಡಿ. ನಕಲುಗಳು ಹೆಚ್ಚಿದಂತೆ, ವಿಡಿಯೊ ಪೈರಸಿಗೂ ಈ ಕಾಯ್ದೆಯನ್ನು ಅನ್ವಯಿಸಬೇಕೆಂದು ಕನ್ನಡ ಚಿತ್ರರಂಗ ಒತ್ತಾಯಿಸುತ್ತ ಬಂದಿತು. ನೆರೆಯ ತಮಿಳುನಾಡು 2004ರಲ್ಲಿ ಮತ್ತು ಮಹಾರಾಷ್ಟ್ರ 2009ರಲ್ಲಿ ತಮ್ಮ ಇಂತಹದೇ ಕಾಯ್ದೆಗಳಿಗೆ ವಿಡಿಯೊ ಪೈರಸಿಯನ್ನು ಸೇರಿಸಿದ್ದವು.

ಕೃತಿಸ್ವಾಮ್ಯ ಉಲ್ಲಂಘನೆಗೆ ಪ್ರತ್ಯೇಕ ಶಿಕ್ಷೆ ಮೊದಲಿನಿಂದಲೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನ ಪ್ರಕಾರ ತಿಳಿದೂ ಉಲ್ಲಂಘಿಸಿದವರಿಗೆ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ ಹಾಗೂ 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಆದರೆ ಅದಕ್ಕೆ ಮೊದಲು ಆರೋಪ ಸಾಬೀತಾಗಬೇಕು.

ತಿದ್ದುಪಡಿಯ ಸ್ವರೂಪ

2014ರ ತಿದ್ದುಪಡಿಯು ಆಸಿಡ್ ದಾಳಿ ಮಾಡುವವರು ಮತ್ತು ಲೈಂಗಿಕ ದೌರ್ಜನ್ಯ ಎಸಗುವವರ ಜೊತೆಯಲ್ಲಿಯೇ ಡಿಜಿಟಲ್ ಅಪರಾಧಿಗಳನ್ನೂ ಕಾಯ್ದೆಯ ವ್ಯಾಪ್ತಿಗೆ ತಂದಿತು. ಅದರ ವ್ಯಾಖ್ಯೆಯಲ್ಲಿ ಮೂರು ಭಾಗಗಳಿವೆ: ವಾಣಿಜ್ಯ ಉದ್ದೇಶಕ್ಕಾಗಿ ತಿಳಿದೂ ಕೃತಿಸ್ವಾಮ್ಯ ಉಲ್ಲಂಘಿಸುವುದು, ಇನ್ನೊಬ್ಬರ ಗುರುತಿನಲ್ಲಿ ಕಂಪ್ಯೂಟರ್ ಜಾಲವನ್ನು ಪ್ರವೇಶಿಸಿ ಹಣಕಾಸಿನ ಲಾಭ ಪಡೆಯುವುದು, ಮತ್ತು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ರಿಂದ 75ರವರೆಗಿನ ಕಲಮುಗಳ ಅಡಿಯ ಅಪರಾಧಗಳು.

ಗೂಂಡಾ ಕಾಯ್ದೆಯಡಿ ಬಂಧಿತನಾದವನಿಗೆ ಸಾಮಾನ್ಯ ಆರೋಪಿಗಿರುವ ಹಲವು ರಕ್ಷಣೆಗಳು ದೊರೆಯುವುದಿಲ್ಲ. ಬಂಧಿತನನ್ನು 24 ಗಂಟೆಗಳೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕೆಂಬ ಸಂವಿಧಾನದ 22ನೇ ವಿಧಿಯ ನಿಯಮ ಮುಂಜಾಗ್ರತಾ ಬಂಧನಕ್ಕೆ ಅನ್ವಯಿಸುವುದಿಲ್ಲ. ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಸಬೇಕು ಮತ್ತು ಪ್ರಕರಣವನ್ನು ಸಲಹಾ ಮಂಡಳಿಯ ಮುಂದಿಡಬೇಕು. ಆದರೆ ಆ ಮಂಡಳಿಯ ಮುಂದೆ ವಕೀಲರ ಮೂಲಕ ವಾದಿಸುವ ಹಕ್ಕು ಬಂಧಿತನಿಗಿಲ್ಲ. ಬಂಧನದ ಗರಿಷ್ಠ ಅವಧಿ 12 ತಿಂಗಳು.

ವಿರೋಧದ ಅಂಶಗಳು

ವಿಧೇಯಕದ ಬಗ್ಗೆ ವ್ಯಾಪಕ ಚರ್ಚೆ ಆರಂಭವಾದದ್ದು ಅದು ಅಂಗೀಕಾರವಾದ ನಂತರ, 2014ರ ಆಗಸ್ಟ್‌ನಲ್ಲಿ ಪತ್ರಿಕೆಗಳು ಅದರ ವಿವರಗಳನ್ನು ಪ್ರಕಟಿಸಿದಾಗ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಸಂಸ್ಥೆಯ ಸಂಶೋಧಕರು ತಿದ್ದುಪಡಿಯನ್ನು ಟೀಕಿಸಿದವರಲ್ಲಿ ಪ್ರಮುಖರು. ವಿರೋಧದಲ್ಲಿ ಮುಖ್ಯವಾಗಿ ನಾಲ್ಕು ವಾದಗಳನ್ನು ಗುರುತಿಸಬಹುದು.

ಮೊದಲನೆಯದು ಸಾರ್ವಜನಿಕ ಸುವ್ಯವಸ್ಥೆಯ ಪ್ರಶ್ನೆ. ಸಾರ್ವಜನಿಕ ಸುವ್ಯವಸ್ಥೆಗೆ ಧಕ್ಕೆಯಾಗುವ ಸಂದರ್ಭದಲ್ಲಿ ಮಾತ್ರ ಈ ಕಾಯ್ದೆಯಡಿ ಬಂಧಿಸಬಹುದು. ಪ್ರತಿಯೊಂದು ಕಾನೂನು ಉಲ್ಲಂಘನೆಯೂ ಸಾರ್ವಜನಿಕ ಸುವ್ಯವಸ್ಥೆಯನ್ನು ಕೆಡಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ ರಾಮಮನೋಹರ ಲೋಹಿಯಾ ಪ್ರಕರಣದಲ್ಲಿಯೇ ಸ್ಪಷ್ಟಪಡಿಸಿತ್ತು. ಚಲನಚಿತ್ರದ ನಕಲು ಮಾರಾಟದಿಂದ ನಿರ್ಮಾಪಕರಿಗೆ ನಷ್ಟವಾದರೂ ಊರಿನ ಶಾಂತಿ ಕದಡುವುದಿಲ್ಲ ಎಂಬುದು ಟೀಕಾಕಾರರ ನಿಲುವು.

ಎರಡನೆಯದು ವ್ಯಾಖ್ಯೆಯ ಅಸ್ಪಷ್ಟತೆ. 'ವಾಣಿಜ್ಯ ಉದ್ದೇಶ' ಎಂಬುದಕ್ಕೆ ಕನಿಷ್ಠ ಮಿತಿಯಿಲ್ಲ. ಸಾವಿರಾರು ನಕಲುಗಳನ್ನು ತಯಾರಿಸುವ ಜಾಲಕ್ಕೂ, ಅಲ್ಪ ಹಣ ಪಡೆದು ಮೆಮೊರಿ ಕಾರ್ಡ್‌ಗೆ ಹಾಡು ತುಂಬಿಕೊಡುವ ಮೊಬೈಲ್ ಅಂಗಡಿಯವನಿಗೂ ಒಂದೇ ಪದ ಅನ್ವಯವಾಗುತ್ತದೆ. ಪಠ್ಯಭಾಗಗಳನ್ನು ಜೆರಾಕ್ಸ್ ಮಾಡಿಕೊಡುವುದು ಅಪರಾಧವೇ ಎಂಬ ಪ್ರಶ್ನೆ ಆಗಿನ್ನೂ ದೆಹಲಿ ಹೈಕೋರ್ಟಿನಲ್ಲಿತ್ತು; ವಿದ್ಯಾರ್ಥಿಗಳಿಗಾಗಿ ಮಾಡುವ ಅಂತಹ ನಕಲಿಗೆ ಕಾನೂನಿನಲ್ಲಿ ಅವಕಾಶವಿದೆ ಎಂದು ಆ ನ್ಯಾಯಾಲಯ 2016ರಲ್ಲಿ ಹೇಳಿತು. ನ್ಯಾಯಾಲಯಗಳೇ ವರ್ಷಗಟ್ಟಲೆ ಚರ್ಚಿಸುವ ವಿಷಯವನ್ನು ಬಂಧನಾದೇಶದಲ್ಲಿ ನಿರ್ಧರಿಸುವುದರ ಅಪಾಯವನ್ನು ಇದು ತೋರಿಸುತ್ತದೆ.

ಮೂರನೆಯದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಮುಗಳ ಆಯ್ಕೆ. ಉದಾಹರಣೆಗೆ, 75ನೇ ಕಲಮು ಯಾವ ಅಪರಾಧವನ್ನೂ ವಿವರಿಸುವುದಿಲ್ಲ. ಭಾರತದ ಹೊರಗೆ ನಡೆದ ಕೃತ್ಯಗಳಿಗೂ ಕಾಯ್ದೆ ಅನ್ವಯಿಸುತ್ತದೆ ಎಂದಷ್ಟೇ ಹೇಳುತ್ತದೆ.

ನಾಲ್ಕನೆಯದು ಅಧಿಕಾರ ವ್ಯಾಪ್ತಿ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೃತಿಸ್ವಾಮ್ಯವು ಕೇಂದ್ರ ಪಟ್ಟಿಯ ವಿಷಯವಾಗಿದೆ. ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ರಾಜ್ಯವು ಅದಕ್ಕೆ ಹೊಸ ಪರಿಣಾಮವನ್ನು ಸೇರಿಸಬಹುದೇ ಎಂಬ ಪ್ರಶ್ನೆ ಇದರಿಂದ ಎದ್ದಿತು.

ಸಮರ್ಥನೆ

ತಿದ್ದುಪಡಿಯನ್ನು ಬೆಂಬಲಿಸುವವರು ಪೈರಸಿಯ ವೇಗವನ್ನು ಮುಂದಿಡುತ್ತಾರೆ. ಚಿತ್ರ ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ನಕಲು ಹರಡುತ್ತದೆ. ಸಾಮಾನ್ಯ ಮೊಕದ್ದಮೆ ಮುಗಿಯಲು ವರ್ಷಗಳು ಬೇಕು. ಜಾಮೀನು ಪಡೆದ ಆರೋಪಿ ಅದೇ ದಂಧೆಗೆ ಮರಳುತ್ತಾನೆ. ಸೀಮಿತ ಮಾರುಕಟ್ಟೆಯ ಕನ್ನಡ ಚಿತ್ರಗಳು ಮೊದಲ ವಾರದ ಗಳಿಕೆಯನ್ನೇ ಬಹುಮಟ್ಟಿಗೆ ಅವಲಂಬಿಸಿರುವುದರಿಂದ ಕಠಿಣ ಕ್ರಮ ಅನಿವಾರ್ಯ ಎಂಬುದು ಅವರ ವಾದ.

ಜಿಲ್ಲಾ ಮಟ್ಟದಲ್ಲಿ ಜಾರಿ

ಬಂಧನಾದೇಶ ಹೊರಡಿಸುವ ಅಧಿಕಾರವನ್ನು ಸರ್ಕಾರವು ಪೊಲೀಸ್ ಕಮಿಷನರುಗಳಿಗೆ ಅಥವಾ ಜಿಲ್ಲಾ ದಂಡಾಧಿಕಾರಿಗಳಿಗೆ ವಹಿಸಬಹುದು. ವಿಜಯಪುರ ನಗರದಲ್ಲಿ ಪೊಲೀಸ್ ಕಮಿಷನರೇಟ್ ಇಲ್ಲದ ಕಾರಣ, ಅಲ್ಲಿ ಹಾಗೂ ತಿಕೋಟಾ, ಬಬಲೇಶ್ವರ ಸೇರಿದಂತೆ ಜಿಲ್ಲೆಯ ಎಲ್ಲ ತಾಲ್ಲೂಕುಗಳಲ್ಲಿ ಈ ಅಧಿಕಾರ ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಜಿಲ್ಲಾಧಿಕಾರಿಗೆ ಸಲ್ಲುತ್ತದೆ. ಅಧಿಕಾರಿ ಹೊರಡಿಸಿದ ಆದೇಶಕ್ಕೆ 12 ದಿನಗಳೊಳಗೆ ರಾಜ್ಯ ಸರ್ಕಾರದ ಅನುಮೋದನೆ ದೊರೆಯದಿದ್ದರೆ ಅದು ಊರ್ಜಿತವಾಗಿ ಉಳಿಯುವುದಿಲ್ಲ. ತಿಕೋಟಾ ಅಥವಾ ಬಬಲೇಶ್ವರದ ವ್ಯಕ್ತಿಯೊಬ್ಬನ ಬಂಧನವನ್ನು ಪ್ರಶ್ನಿಸಬೇಕಾದರೆ ಕುಟುಂಬದವರು ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಬೇಕಾಗುತ್ತದೆ. ಸಣ್ಣ ಊರಿನ ಅಂಗಡಿಯವನಿಗೆ ಆ ವೆಚ್ಚ ಮತ್ತು ಅಲೆದಾಟ ಮೂಲ ಅಪರಾಧದ ದಂಡಕ್ಕಿಂತ ಭಾರವಾಗಬಹುದು.

ಇತರ ಪ್ರತಿಭಟನೆಗಳು

ಅಮೆರಿಕದಲ್ಲಿ ಸೋಪಾ ಮತ್ತು ಪಿಪಾ ಎಂಬ ಪೈರಸಿ ತಡೆ ಮಸೂದೆಗಳನ್ನು ವಿರೋಧಿಸಿ ಇಂಗ್ಲಿಷ್ ವಿಕಿಪೀಡಿಯ 2012ರ ಜನವರಿ 18ರಂದು 24 ಗಂಟೆ ಸ್ಥಗಿತಗೊಂಡಿತ್ತು. ಎರಡು ದಿನಗಳ ನಂತರ ಆ ಮಸೂದೆಗಳನ್ನು ಮುಂದೂಡಲಾಯಿತು. ಅದೇ ವರ್ಷ ಮದ್ರಾಸ್ ಹೈಕೋರ್ಟಿನ ಆದೇಶವೊಂದರ ಬಳಿಕ ಭಾರತದ ಅಂತರಜಾಲ ಸೇವಾದಾರರು ಹಲವು ಜಾಲತಾಣಗಳನ್ನು ಪೂರ್ಣವಾಗಿ ತಡೆಹಿಡಿದರು. ಇದನ್ನು ಖಂಡಿಸಿ ಜೂನ್ 9ರಂದು ಬೆಂಗಳೂರು ಸೇರಿದಂತೆ ಹಲವು ನಗರಗಳಲ್ಲಿ ಮುಖವಾಡ ಧರಿಸಿದ ಯುವಜನರು ಪ್ರತಿಭಟಿಸಿದರು. ಇಡೀ ತಾಣವನ್ನಲ್ಲ, ಆಕ್ಷೇಪಾರ್ಹ ಪುಟಗಳನ್ನು ಮಾತ್ರ ತಡೆಯಬೇಕೆಂದು ನ್ಯಾಯಾಲಯ ಆ ತಿಂಗಳಲ್ಲಿಯೇ ಸ್ಪಷ್ಟಪಡಿಸಿತು.

ನಂತರದ ಬೆಳವಣಿಗೆಗಳು

2021ರಲ್ಲಿ ತೆಲಂಗಾಣದ ಇಂತಹದೇ ಕಾಯ್ದೆಯಡಿ ವಂಚನೆ ಆರೋಪಿಯೊಬ್ಬನ ವಿರುದ್ಧ ಹೊರಡಿಸಿದ್ದ ಬಂಧನಾದೇಶವನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಜಾಮೀನು ದೊರೆತಿದ್ದರೆ ಅದರ ರದ್ದತಿ ಕೋರಬೇಕೇ ಹೊರತು, ಸಾರ್ವಜನಿಕ ಸುವ್ಯವಸ್ಥೆಯ ಕಾರಣ ನೀಡಿ ಬಂಧಿಸಲಾಗದು ಎಂಬುದು ಆ ತೀರ್ಪಿನ ಸಾರ. ಸಂಸತ್ತು 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ತಂದು, ಚಲನಚಿತ್ರದ ಅಕ್ರಮ ಚಿತ್ರೀಕರಣ ಮತ್ತು ಪ್ರಸಾರಕ್ಕೆ 3 ತಿಂಗಳಿಂದ 3 ವರ್ಷಗಳ ಸೆರೆವಾಸವನ್ನೂ, 3 ಲಕ್ಷ ರೂಪಾಯಿಗಳಿಂದ ನಿರ್ಮಾಣ ವೆಚ್ಚದ ಶೇ. 5ರವರೆಗಿನ ದಂಡವನ್ನೂ ನಿಗದಿಪಡಿಸಿತು. ಗೂಂಡಾ ಕಾಯ್ದೆಯಡಿಯ ಬಂಧನಕ್ಕೆ ಭಿನ್ನವಾಗಿ, ಈ ಶಿಕ್ಷೆ ವಿಧಿಸಲು ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗಬೇಕು.